ರಾಟೆಗೆ ಎಣ್ಣೆ ಬೀಳದ ವರ್ಷ

ಮೊನ್ನೆ ಅಂಗಡಿಯಲ್ಲಿ ಹರಳೆಣ್ಣೆಯ ಬಾಟಲಿಯೊಂದು ಬಿದ್ದು ಒಡೆಯಿತು. ಬಾಣಂತಿ ಮಗಳಿಗೆಂದು ಕೊಳ್ಳಲು ಬಂದಿದ್ದ ಹೆಂಗಸು ಕೈಜಾರಿಸಿಕೊಂಡು, "ಅಯ್ಯೋ, ಸಾರಿ ಮೇಡಂ" ಎಂದು ಒಂದೇ ಸಮನೆ ಹೇಳುತ್ತಿದ್ದರು. ನಾನು ಆ ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವವಳು. ಇಂಥದ್ದಕ್ಕೆಲ್ಲ ಮುಖ ಗಂಟಿಕ್ಕಿಕೊಳ್ಳುವುದು ನನ್ನ ರೂಢಿ, ಸುಳ್ಳು ಯಾಕೆ ಹೇಳಲಿ. ಆದರೆ ಅವತ್ತು ಬೈಯಲು ಬಾಯೇ ಬರಲಿಲ್ಲ. ಹಳೇ ಬಟ್ಟೆ ಹಿಡಿದು ನೆಲ ಒರೆಸುತ್ತ ಕೂತೆ. ಹರಳೆಣ್ಣೆ ಗೊತ್ತಲ್ಲ, ಒರೆಸಿದಷ್ಟೂ ಹರಡುತ್ತದೆ. ಆ ಮಂದವಾದ, ಕೊಂಚ ಕಮಟು ವಾಸನೆ ಮೂಗಿಗೆ ಹತ್ತಿದ್ದೇ ತಡ, ಜರಗನಹಳ್ಳಿಯ ಆ ಪಾರ್ಕು ಕಣ್ಣ ಮುಂದೆ ಬಂತು. ಕಂಬದ ಬುಡದಲ್ಲಿ ಓನರ್ ಅಂಕಲ್ ಹಗ್ಗ ಹಿಡಿದು, ಕತ್ತು ಮೇಲಕ್ಕೆತ್ತಿ ನಿಂತಿದ್ದರು...

ನಾನೂ ನನ್ನ ಗಂಡನೂ ಹುಬ್ಬಳ್ಳಿ ಕಡೆಯವರು. ಬೆಂಗಳೂರಿಗೆ ಬಂದ ಹೊಸತರಲ್ಲಿ ಮಡಿವಾಳದ ಹತ್ತಿರ ಒಂದು ಕೋಣೆಯಲ್ಲಿದ್ದೆವು. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ, ಮುಚ್ಚಿದರೆ ಕತ್ತಲೆ. ಅಲ್ಲಿಂದ ಓಡಿಬಂದು ಜರಗನಹಳ್ಳಿಯಲ್ಲಿ ಮನೆ ಹಿಡಿದಾಗ ನನಗೆ ಸ್ವರ್ಗವೇ ಸಿಕ್ಕಂತಾಗಿತ್ತು. ಕೆಳಗೆ ಓನರ್ ಅಂಕಲ್ ಮತ್ತು ಆಂಟಿ, ಮೇಲೆ ನಾವು, ಎದುರಿಗೆ ಪಾರ್ಕು. ಅಂಕಲ್ ಆ ಹಳ್ಳಿಯ ಹಳಬರು. ಈಗ ಲೇಔಟ್ ಆಗಿರುವ ಜಾಗದಲ್ಲೆಲ್ಲ ಅವರ ಮನೆತನದವರು ರಾಗಿ, ಅವರೆ ಬೆಳೆಯುತ್ತಿದ್ದರಂತೆ. ಪಾರ್ಕಿನ ನಟ್ಟನಡುವೆ ಬಾವುಟದ ಕಂಬ ಇತ್ತಲ್ಲ, ಸರಿಯಾಗಿ ಅಲ್ಲೇ ಅವರ ಬಾವಿಯಿತ್ತು. ಆಂಟಿ ಮದುವೆಯಾಗಿ ಬಂದ ದಿನದಿಂದ ನೀರು ಸೇದಿದ್ದು ಆ ಬಾವಿಯಿಂದಲೇ. ಬಾವಿ ಮುಚ್ಚುವ ದಿನ ಅವರು ಊಟ ಮಾಡಲಿಲ್ಲ ಎಂದು ಅಂಕಲ್ ನನಗೊಮ್ಮೆ ಹೇಳಿದ್ದರು.

ಆ ಜಾಗದ ಹಕ್ಕೆಂದೋ, ಹಿರಿಯರೆಂದೋ, ಆಗಸ್ಟ್ ಹದಿನೈದರಂದು ಬಾವುಟ ಏರಿಸುವ ಕೆಲಸವನ್ನು ಲೇಔಟಿನ ಸಂಘದವರು ಅಂಕಲ್‌ಗೇ ಬಿಟ್ಟಿದ್ದರು. ಅವತ್ತು ಅವರ ಠೀವಿ ನೋಡಬೇಕಿತ್ತು. ಬಿಳಿ ಪಂಚೆ, ಬಿಳಿ ಷರಟು, ಕಾಲಿಗೆ ಚಪ್ಪಲಿ ಇಲ್ಲ. ಬೇರೆ ಕಡೆ ಗಂಟು ಕಟ್ಟಿ ಮೇಲಿಟ್ಟು ಹಗ್ಗ ಜಗ್ಗಿ ಬಿಚ್ಚುತ್ತಾರಲ್ಲ, ಅದು ಅವರಿಗೆ ಆಗದು. ಬಾವುಟ ಬಿಚ್ಚಿದ್ದಂತೆಯೇ ಬುಡದಿಂದ ತುದಿಯವರೆಗೆ ಕೈಯಾರೆ ಏರಬೇಕು. "ಕೊಡ ಸೇದ್ದಂಗೆ ಕಣಮ್ಮ, ಇದು ಮೇಲಕ್ಕೋಯ್ತದೆ ಅಷ್ಟೆ" ಎಂದು ನಗುತ್ತಿದ್ದರು.

ಹಿಂದಿನ ದಿನದ ಸಂಜೆ ಮಾತ್ರ ಆಂಟಿಯದು. ಮನೆಗೆಲಸ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದೇವರ ಮನೆಯ ಹರಳೆಣ್ಣೆ ಸೀಸೆ ಹಿಡಿದು ಪಾರ್ಕಿಗೆ ಬರುತ್ತಿದ್ದರು. ಬಾವುಟ ಕಟ್ಟುವ ಕಡೆ ಬಿಟ್ಟು, ಹಗ್ಗದ ಆಚೆ ತುದಿಗೆ ಮಾರುದ್ದ ಎಣ್ಣೆ ಸವರಿ ಮೇಲೆ ಕಳಿಸೋರು, ಕೆಳಗೆ ಎಳೆಯೋರು, ಮತ್ತೆ ಕಳಿಸೋರು. ಕಂಬದ ತುದಿಯಲ್ಲಿನ ರಾಟೆ ಮೊದಲು ಕಿರ್‌ ಕಿರ್‌ ಎಂದು ಕೂಗಿ, ಬರಬರುತ್ತ ಮೆತ್ತಗಾಗಿ, ಕೊನೆಗೆ ಸದ್ದೇ ನಿಲ್ಲಿಸುತ್ತಿತ್ತು. ವಾಕಿಂಗ್ ಬಂದವರು ಇದೇನೋ ಪೂಜೆ ಇರಬೇಕು ಎಂದುಕೊಂಡು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಸಂಘದವರಂತೂ ಇದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನಾನು ಮೇಲಿನಿಂದ, "ಏನ್ರೀ ಆಂಟಿ, ಬಾವುಟಕ್ಕ ಎಣ್ಣಿ ನೀರು ಹಾಕಾಕತ್ತೀರೇನು?" ಎಂದು ಕೂಗಿದರೆ, "ಬಾರೇ ಇಲ್ಲಿ, ನಿಂಗೂ ಎರೀತೀನಿ" ಎನ್ನುತ್ತಿದ್ದರು.

ಆ ವರ್ಷ ಆಂಟಿ ಆಸ್ಪತ್ರೆಯಲ್ಲಿದ್ದರು.

ಜ್ವರವೆಂದು ಹೋದವರು, ಎದೆಗೆ ಸೋಂಕು ಇಳಿದಿದೆ ಎಂದು ಐಸಿಯು ಸೇರಿದರು. ಆಮೇಲೆ ಬಾಯಿಗೆ ಕೊಳವೆ ಹಾಕಿದರು. ಒಬ್ಬಳೇ ಮಗಳು, ಸುಬ್ರಹ್ಮಣ್ಯಪುರದಲ್ಲಿ ಗಂಡನ ಮನೆ. ಅವಳು ಐಸಿಯು ಹೊರಗಿನ ಕುರ್ಚಿಯಲ್ಲೇ ಠಿಕಾಣಿ ಹೂಡಿದ್ದಳು. ಅಂಕಲ್ ದಿನಾ ಹೋಗಿ, ಗಾಜಿನಾಚೆಯಿಂದ ನೋಡಿ, ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಇರೋರು, ಕುಡಿಯುತ್ತಿರಲಿಲ್ಲ. ಆ ಸಲ ಬೇರೆ ಯಾರಾದರೂ ಬಾವುಟ ಏರಿಸಲಿ ಎಂದು ಅವರು ಹೇಳಿಕಳಿಸಿಯೂ ಆಗಿತ್ತು. ಬೇಡವೆಂದವಳು ಮಗಳು. "ಅಮ್ಮ ಕಣ್ಬಿಟ್ಟು ಬಾವುಟ ಹಾರಿಸಿದ್ರಾ ಅಂತ ಕೇಳಿದ್ರೆ ಏನ್ ಹೇಳ್ತೀಯಪ್ಪಾ? ಹಾರ್ಸಿ ಬಾ, ಅಷ್ಟೊತ್ತಿಗೆ ಒಳಗೆ ಬಿಡ್ತಾರೆ" ಎಂದು ಕಳಿಸಿದ್ದಳು.

ಬೆಳಿಗ್ಗೆ ಲೇಔಟಿನವರೆಲ್ಲ ಸೇರಿದ್ದರು. ಅಂಕಲ್ ಎಂದಿನಂತೆ ಹಗ್ಗ ಜಗ್ಗಿದರು. ಬಾವುಟ ನಾಲ್ಕು ಎಳೆತಕ್ಕೆ ಸಲೀಸಾಗಿ ಏರಿತು. ಕಂಬದ ನಡುವಿಗೆ ಬಂದಾಗ ಮೇಲೆ ರಾಟೆ ಒಮ್ಮೆ ಕೀರಲು ದನಿಯಲ್ಲಿ ಕೂಗಿ, ಗಕ್ಕನೆ ನಿಂತಿತು. ಜಗ್ಗಿದರು, ಬರಲಿಲ್ಲ. ಸಡಿಲ ಬಿಟ್ಟರು, ಇಳಿಯಲಿಲ್ಲ. ಹಗ್ಗ ಗಾಲಿಯಿಂದ ಹಾರಿ ತಗಡಿನ ಸಂದಿಗೆ ಕಚ್ಚಿಕೊಂಡಿತ್ತು. ಬಾವುಟ ಅರ್ಧ ಕಂಬದಲ್ಲಿ ನಿಂತು ಗಾಳಿಗೆ ಪಟಪಟ ಬಡಿದುಕೊಳ್ಳತೊಡಗಿತು.

ಮೊದಮೊದಲು ನಗು, ಸಲಹೆ, ಗಲಾಟೆ. "ಕೆಳಗಿಳ್ಸಿ ಮತ್ತೆ ಎಳೀರಿ ಅಂಕಲ್", "ಜೋರಾಗಿ ಒಂದ್ ಜರ್ಕ್ ಕೊಡಿ". ಸಂಘದ ಅಧ್ಯಕ್ಷರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಒಳ್ಳೆಯವರೇ, ಆದರೆ ನಿಯಮ ಎಂದರೆ ಜೀವ ಬಿಡುವ ಮನುಷ್ಯ. ಬೆವರೊರೆಸಿಕೊಳ್ಳುತ್ತ ಮೊಬೈಲಿನಲ್ಲಿ ಏನೋ ಓದಿ ಅಡ್ಡಡ್ಡ ಕೈಯಾಡಿಸಿದರು. "ಅರ್ಧದಲ್ಲಿದ್ದದ್ದನ್ನ ಹಾಗೇ ಇಳ್ಸೋ ಹಾಗಿಲ್ಲ ರೀ. ಮೊದ್ಲು ತುದಿಗೆ ಹೋಗ್ಬೇಕು, ಆಮೇಲೇ ಕೆಳಗೆ. ಅದೂ ಇವತ್ತು ಅರ್ಧಕ್ಕಿರೋ ಹಾಗೇ ಇಲ್ಲ! ಎಷ್ಟು ದೊಡ್ಡೋರು ಹೋಗಿದ್ರೂ ಇವತ್ತು ಪೂರ್ತಿ ಮೇಲಿರ್ಬೇಕು. ದೇಹ ಇಟ್ಟಿರೋ ಕಟ್ಟಡದ ಮೇಲೆ ಮಾತ್ರ ಇಳಿಸ್ಬೋದು, ಅದೂ ದೇಹ ತೆಗೆಯೋವರೆಗೆ ಅಷ್ಟೆ."

ಅಂಕಲ್ ಇದನ್ನೆಲ್ಲ ಕೇಳಿಸಿಕೊಂಡರೋ ಇಲ್ಲವೋ. ಅವರ ಕಣ್ಣು ರಾಟೆಯ ಮೇಲಿತ್ತು. ನನ್ನತ್ತ ತಿರುಗಿ ಮೆಲ್ಲಗೆ, "ಎಣ್ಣೆ ಬುಟ್ಟಿಲ್ಲ ಕಣಮ್ಮ" ಎಂದರು. "ಅವಳು ಬುಡೋಳು. ಈ ಸಲ ಯಾರೂ ಬುಟ್ಟಿಲ್ಲ."



ಆಮೇಲೆ ಶುರುವಾಯಿತು ಆ ಪ್ರಶ್ನೆ. ನಮ್ಮ ಊರುಗಳಲ್ಲಿ ಬಾವುಟ ಅರ್ಧಕ್ಕೆ ಕಂಡರೆ ಜನ ಕೇಳುವುದು ಎರಡೇ ಮಾತು: ಯಾರು ಹೋದರು, ರಜೆ ಇದೆಯಾ. ಅವತ್ತು ಹೇಗೂ ರಜೆ. ಹಾಗಾಗಿ ಉಳಿದಿದ್ದು ಒಂದೇ. ಪಾರ್ಕಿನ ಬೇಲಿಯಾಚೆ ಹಾಲು ತರಲು ಹೊರಟವರು, ನಾಯಿ ಹಿಡಿದು ಬಂದವರು, ಕನಕಪುರ ರಸ್ತೆಯ ಬಸ್ಸಿಗೆ ಓಡುತ್ತಿದ್ದವರು, ಎಲ್ಲರೂ ಒಂದು ಗಳಿಗೆ ನಿಂತು ತಲೆಯೆತ್ತಿ ನೋಡುವುದು, "ಯಾರು ಹೋದ್ರು ಅಂಕಲ್?" ಎನ್ನುವುದು.

"ಯಾರೂ ಹೋಗಿಲ್ಲ. ಹಗ್ಗ ಕಣಪ್ಪಾ, ಹಗ್ಗ ಸಿಕ್ಕಾಕ್ಕೊಂಡೈತೆ" ಎಂದು ಅಂಕಲ್ ಎಲ್ಲರಿಗೂ ಉತ್ತರ ಹೇಳಿದರು. ಮೊದಲು ಗಟ್ಟಿಯಾಗಿ ಹೇಳಿದರು. ಆಮೇಲೆ ದನಿ ಸಣ್ಣದಾಯಿತು. ಕೊನೆಕೊನೆಗೆ ಬರಿಯ, "ಯಾರೂ ಹೋಗಿಲ್ಲ, ಯಾರೂ ಹೋಗಿಲ್ಲ" ಎಂದು ಯಾರೂ ಕೇಳದೆಯೂ ಹೇಳತೊಡಗಿದರು. ಅಂಗೈ ಸುಲಿದು ಕೆಂಪಾಗಿತ್ತು, ಹಗ್ಗ ಬಿಡಲೊಲ್ಲರು. ಸ್ಕೂಟರಿನ ಮೇಲಿದ್ದ ಒಬ್ಬ ಪುಣ್ಯಾತ್ಮ ಗಾಡಿ ನಿಲ್ಲಿಸಿ, "ಯಾರ್ ಗುರು ಔಟು?" ಎಂದ. ಕೋಪ ಬಂದರೆ ನನ್ನ ಬಾಯಲ್ಲಿ ಹುಬ್ಬಳ್ಳಿಯೇ ಬರುವುದು. "ನಿನ್ನ ತಲಿ! ಕಣ್ಣ ಕಾಣಂಗಿಲ್ಲೇನು? ಹಗ್ಗ ಸಿಕ್ಕೈತಿ, ಸುಮ್ಮ ಮುಂದ ಹೋಗು!" ಎಂದು ಅಬ್ಬರಿಸಿದೆ. ಅವನು ಹೋದ.

ಅಷ್ಟರಲ್ಲಿ ಅಂಕಲ್‌ರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವರು ಹಗ್ಗ ಬಿಡದ ಕಾರಣ ನಾನೇ ತೆಗೆದು ಕಿವಿಗಿಟ್ಟುಕೊಂಡೆ. ಮಗಳು. "ಅಪ್ಪಂಗೆ ಈಗ್ಲೇ ಬರಕ್ಕೆ ಹೇಳಿ ಅಕ್ಕಾ. ಅಮ್ಮನ ಬೀಪಿ ಬೀಳ್ತಿದೆ, ಡಾಕ್ಟ್ರು ಬೇಗ ಬರ್ಲಿ ಅಂತಿದಾರೆ..."

ಹೇಳಿದೆ. ನನ್ನ ಗಂಡ ಆಗಲೇ ಬೈಕು ಹೊರಳಿಸಿಕೊಂಡು ಗೇಟಿಗೆ ತಂದಿದ್ದ. "ನಡೀರಿ ಅಂಕಲ್, ಹಗ್ಗ ನಾವು ನೋಡ್ಕೋತೀವಿ" ಎಂದು ರಟ್ಟೆ ಹಿಡಿದೆ. ಅವರು ಕದಲಲಿಲ್ಲ.

"ಇದನ್ನ ಹಿಂಗೆ ಬುಟ್ಟು ಹೆಂಗೆ ಬರ್ಲಮ್ಮ?" ಎಂದರು. "ಬೆಳಿಗ್ಗೆಯಿಂದ ಊರೆಲ್ಲ ಯಾರೋ ಹೋದ್ರು ಅಂತೈತೆ. ಇದು ಇಲ್ಲಿ ಅರ್ಧಕ್ಕಿರೋವಾಗ ನಾನು ಅಲ್ಲಿಗೆ ಎದ್ದೋದ್ರೆ, ನಾನೂ ಹೂಂ ಅಂದಂಗಾಗಲ್ವಾ?"

ಹುಚ್ಚು ಮಾತು ಎಂದು ಗೊತ್ತು. ಆದರೆ ಅದನ್ನು ಹುಚ್ಚು ಎನ್ನುವ ಧೈರ್ಯ ಅಲ್ಲಿ ಒಬ್ಬರಿಗೂ ಇರಲಿಲ್ಲ. ಅಧ್ಯಕ್ಷರೂ ಕೈಮುಗಿದು ಕೇಳಿಕೊಂಡರು. ನಾನು ಅತ್ತೆ, ಗದರಿದೆ, ಅವರ ಅಂಗಿ ಹಿಡಿದು ಜಗ್ಗಿದೆ ಕೂಡ. "ಒಂದ್ ಗಳಿಗೆ ಕಣಮ್ಮ, ಒಂದೇ ಗಳಿಗೆ" ಎಂದು ಆ ಮುದುಕ ಜೀವ ಬೇಡಿದ ಹಾಗೆ ಬೇಡುತ್ತಿದ್ದರೆ ಯಾರು ತಾನೆ ಎಳೆದೊಯ್ದಾರು...

ಯಾರೋ ಫೋನು ಮಾಡಿ ಕರೆಸಿದ ಕೇಬಲ್ ಟೀವಿಯವರು ಉದ್ದನೆ ಏಣಿ ಹೊತ್ತು ಬಂದರು. ನಾನು ಓಡಿಹೋಗಿ ಆಂಟಿಯ ದೇವರ ಮನೆಯಿಂದ ಹರಳೆಣ್ಣೆ ಸೀಸೆ ತಂದೆ. ಸೀಸೆಯ ಕತ್ತಿನ ಮೇಲೆ ಅವರ ಬೆರಳಿನ ಜಿಡ್ಡು, ಕುಂಕುಮದ ಗುರುತು ಹಾಗೇ ಇತ್ತು. ನಾಲ್ಕು ಜನ ಏಣಿ ಹಿಡಿದರು. ಆ ಮನುಷ್ಯ ಹತ್ತಿ, ಸ್ಕ್ರೂಡ್ರೈವರಿನಿಂದ ಹಗ್ಗ ಮೀಟಿ ಗಾಲಿಯ ಮೇಲೆ ಕೂರಿಸಿ, ಎಣ್ಣೆ ಸುರಿದ. ಕೆಳಗೆ ನಿಂತಿದ್ದ ಅಂಕಲ್‌ರ ಷರಟಿನ ಮೇಲೆ ಎರಡು ಹನಿ ಬಿತ್ತು. "ಹೂಂ, ಎಳೀರಿ" ಎಂದ. ರಾಟೆ ಒಮ್ಮೆ ಕೂಗಿತು, ಆಮೇಲೆ ಮೆತ್ತಗಾಯಿತು, ಆಮೇಲೆ ಸದ್ದಿಲ್ಲ. ಬಾವುಟ ಮೇಲೇರಿತು.

"ಹೋಯ್ತು! ಮೇಲಕ್ಕೋಯ್ತು!" ಎಂದು ಅಂಕಲ್ ಮಗುವಿನ ಹಾಗೆ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ರಾಷ್ಟ್ರಗೀತೆಗೂ ಅವರು ನಿಂತರು. ಕೈ ಬಿಗಿ ಹಿಡಿದು, ತುಟಿ ಅಲುಗಿಸುತ್ತ ನಿಂತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖದಲ್ಲಿ ನಗುವಿತ್ತು. ಅದು ಮುಗಿದದ್ದೇ ಬರಿಗಾಲಲ್ಲೇ ಓಡಿಹೋಗಿ ಬೈಕು ಹತ್ತಿದರು.

ಮುಂದಿನದು ನನ್ನ ಗಂಡ ಹೇಳಿದ್ದು. ಸಾರಕ್ಕಿ ಸಿಗ್ನಲಿನಲ್ಲಿ ಬಾವುಟ ಕಟ್ಟಿಕೊಂಡ ಬೈಕುಗಳ ಮೆರವಣಿಗೆ, ಕಾಲಿಡಲು ಜಾಗವಿರಲಿಲ್ಲವಂತೆ. ಹಿಂದೆ ಕೂತ ಅಂಕಲ್, "ಮೇಲಕ್ಕೋಯ್ತು ಬುಡಪ್ಪ, ಇನ್ನೇನೂ ಆಗಲ್ಲ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರಂತೆ. ಆಸ್ಪತ್ರೆಯಲ್ಲಿ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದರು. ಐಸಿಯು ಬಾಗಿಲಲ್ಲಿ ಮಗಳು ಗೋಡೆಗೊರಗಿ ನಿಂತಿದ್ದಳು. ಅಂಕಲ್ ಅವಳ ಕೈ ಹಿಡಿದು, "ಬಾವುಟ ಹಾರ್ತಾ ಐತೆ ಕಣವ್ವಾ, ಅಮ್ಮಂಗೆ ಹೇಳು" ಎಂದರಂತೆ...

ಫೋನು ಬಂದಾಗಲೇ ಹೊರಟಿದ್ದರೆ ಅವರಿಗೆ ಹೆಂಡತಿಯ ಕೊನೆಯುಸಿರಾದರೂ ಸಿಗುತ್ತಿತ್ತು. ಇದನ್ನು ಮಗಳು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಮಾತ್ರ ಇವತ್ತಿಗೂ ಆ ಮುದುಕರ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಬಂದ ಮರುಗಳಿಗೆಯೇ ಅಳು ಬರುತ್ತದೆ.

ಮಧ್ಯಾಹ್ನ ಆಂಟಿಯನ್ನು ಮನೆಗೆ ತಂದರು. ಕೋಲಾರದ ಕಡೆಯಿಂದ ಅವರ ತಂಗಿ ಬರಬೇಕಿತ್ತು, ಮಣ್ಣು ಮಾಡುವುದು ಮಾರನೇ ಬೆಳಿಗ್ಗೆ ಎಂದಾಯಿತು. ಅಂಗಳದಲ್ಲಿ ಶಾಮಿಯಾನ ಹಾಕಿ ಮಲಗಿಸಿದರು. ರಸ್ತೆಯಾಚೆ ಪಾರ್ಕು, ಪಾರ್ಕಿನ ನಡುವೆ ಕಂಬ, ಕಂಬದ ತುತ್ತತುದಿಯಲ್ಲಿ ಬಾವುಟ. ಅಂಥ ಗಾಳಿ ಅವತ್ತು. ಅಳು ನಿಂತಾಗೆಲ್ಲ ಅದರ ಸದ್ದೇ ಕೇಳುತ್ತಿತ್ತು. ನನಗಂತೂ ಹೋಗಿ ಹರಿದು ಹಾಕಿಬಿಡಲೇ ಅನ್ನಿಸಿತು. ದೇವರಾಣೆ ಹಾಗನ್ನಿಸಿತು.

ಅಧ್ಯಕ್ಷರು ಹಾರ ಹಾಕಿ ಹೊರಡಲು ತಿರುಗಿದಾಗ ಅಂಕಲ್ ಅವರ ಕೈ ಹಿಡಿದುಕೊಂಡರು.

"ಸಾರ್, ಬೆಳಿಗ್ಗೆ ನೀವು ಹೇಳಿದ್ರಲ್ಲ... ದೇಹ ಇರೋ ಕಡೆಯಾದ್ರೆ ಇಳಿಸ್ಬೋದು ಅಂತ. ದೇಹ ಇಲ್ಲೇ ಐತಲ್ಲ ಸಾರ್. ಈಗ ಇಳಿಸ್ಬೋದಲ್ವಾ?"

ಅದು ಮಂತ್ರಿಗಳಿಗೆ, ದೊಡ್ಡವರಿಗೆ, ಸರ್ಕಾರದ ಆದೇಶ ಬೇಕು ಎಂದೆಲ್ಲ ಹೇಳಬೇಕಾದ ಮನುಷ್ಯ ಪಾರ್ಕಿನ ಕಡೆ ತಿರುಗಿ ಬಾವುಟ ನೋಡಿದರು. "ಬೆಳಿಗ್ಗೆ ಅಷ್ಟೊತ್ತು ತಾನೇ ಇತ್ತಲ್ಲ ಸಾರ್, ಬ್ಯಾಡ ಅಂದ್ರೂ ಇತ್ತು. ಈಗ ಒಂಚೂರು..." ಎಂದು ಅಂಕಲ್ ಮತ್ತೆ ಅಂದರು. ಅಧ್ಯಕ್ಷರು ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಒತ್ತಿ ಹಿಡಿದು, ತಲೆ ಅಡ್ಡಡ್ಡ ಆಡಿಸಿದರು. ಅಂಕಲ್ ಹೋಗಿ ಆಂಟಿಯ ಕಾಲ ಬಳಿ ಕೂತರು.

ಹೊತ್ತು ಮುಳುಗುವ ಮೊದಲು ಬಾವುಟ ಇಳಿಸುವುದು ನಮ್ಮ ಪಾರ್ಕಿನ ಪದ್ಧತಿ. ಅಧ್ಯಕ್ಷರು ಸದ್ದು ಮಾಡದೆ ತಾವೇ ಇಳಿಸಿ ಮಡಿಸಿಡೋಣವೆಂದು ಬಂದಿದ್ದರು. ಹಗ್ಗ ಬಿಚ್ಚುವಷ್ಟರಲ್ಲಿ ಅಂಕಲ್ ಎದ್ದು ಬಂದರು. ಬೆಳಗಿನ ಅದೇ ಷರಟು, ಹೆಗಲ ಮೇಲೆ ಎಣ್ಣೆಯ ಕಲೆ. ಹಿಂದಿನಿಂದ ಯಾರೋ, "ಸೂತಕದಲ್ಲಿ ಬಾವುಟ ಮುಟ್ಬೋದಾ?" ಎಂದು ಪಿಸುಗುಟ್ಟಿದರು. "ಅದಕ್ಕೆ ರೂಲ್ಸಲ್ಲಿ ಏನೂ ಇಲ್ಲ, ಸುಮ್ನಿರಿ" ಎಂದು ಅಧ್ಯಕ್ಷರು ಗದರಿ, ಹಗ್ಗ ಅವರ ಕೈಗೆ ಕೊಟ್ಟು ಹಿಂದೆ ಸರಿದರು.

ಅಂಕಲ್ ನಿಧಾನವಾಗಿ ಇಳಿಸತೊಡಗಿದರು. ರಾಟೆ ಸದ್ದೇ ಮಾಡಲಿಲ್ಲ. ಬಾವುಟ ಕಂಬದ ನಡುವಿಗೆ ಬಂತು. ಅಲ್ಲಿ ಅವರ ಕೈ ನಿಂತಿತು.

ಬೇಲಿಯಾಚೆ ಬೆಳಿಗ್ಗೆ ನಾಯಿ ಹಿಡಿದು ಬಂದಿದ್ದವರು ಮತ್ತೆ ಬಂದಿದ್ದರು. ಅವರಿಗೆ ಪಾಪ ಏನೂ ಗೊತ್ತಿಲ್ಲ. "ಏನ್ ಅಂಕಲ್, ಮತ್ತೆ ಸಿಕ್ಕಾಕೊಂಡ್ತಾ?" ಎಂದರು.

ಸಿಕ್ಕಿಕೊಂಡಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ಅಂಕಲ್ ಹಗ್ಗವನ್ನು ಸುಲಿದ ಅಂಗೈಗೆ ಒಂದು ಸುತ್ತು ಸುತ್ತಿಕೊಂಡು, ರಸ್ತೆಯಾಚೆ ಶಾಮಿಯಾನದ ಕಡೆ ನೋಡುತ್ತ ನಿಂತಿದ್ದರು. ನಾನು ಅಧ್ಯಕ್ಷರ ಮುಖ ನೋಡಿದೆ. ಈಗ ತಡೆಯುತ್ತಾರೆ, ಈಗ ಹೇಳುತ್ತಾರೆ ಎಂದುಕೊಂಡೆ. ಅವರು ತಲೆ ತಗ್ಗಿಸಿ ನಿಂತಿದ್ದರು. ಎಷ್ಟೋ ಹೊತ್ತಿನ ಮೇಲೆ ಅಂಕಲ್ ಕೈ ಸಡಿಲಿಸಿ ಬಾವುಟ ಕೆಳಗಿಳಿಸಲು ಹೋದಾಗ ಮಾತ್ರ ಮುಂದೆ ಬಂದು, ಒಡೆದ ದನಿಯಲ್ಲಿ, "ಯಜಮಾನ್ರೇ... ಹಾಗೇ ಬೇಡ. ಮೊದ್ಲು ತುದಿಗೆ ಹೋಗ್ಬೇಕು. ಆಮೇಲೆ ಇಳಿಸೋದು" ಎಂದರು.

ಅಂಕಲ್ ಅವರನ್ನೇ ನೋಡಿದರು. ಆಮೇಲೆ ಹಗ್ಗ ಜಗ್ಗಿ ಬಾವುಟವನ್ನು ತುದಿಯವರೆಗೂ ಏರಿಸಿ, ಅಲ್ಲಿಂದ ಪೂರ್ತಿ ಇಳಿಸಿದರು. ಇಬ್ಬರೂ ಸೇರಿ ಮಡಿಸಿದರು.

ಮುಂದಿನ ವರ್ಷ ಅಂಕಲ್ ಬಾವುಟದ ಹತ್ತಿರ ಬರಲಿಲ್ಲ. ಮಗಳ ಮನೆಗೆ ಹೋದರು, ಮನೆ ಬೇರೆಯವರ ಪಾಲಾಯಿತು, ನಾವು ಬನಶಂಕರಿ ಕಡೆ ಬಂದೆವು. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದೇ ತಡವಾಗಿ. ಮಗಳು ಫೋನಿನಲ್ಲಿ, "ಸುಮ್ನೆ ಮಲಗಿದ್ರು ಅಕ್ಕಾ, ಏಳ್ಲಿಲ್ಲ" ಎಂದಳು. ಅದು ಯಾವ ಹಬ್ಬವೂ ಅಲ್ಲದ ದಿನ. ಜರಗನಹಳ್ಳಿಯ ಆ ಕಂಬದ ಮೇಲೆ ಅವತ್ತು ಬಾವುಟವೇ ಇದ್ದಿರಲಾರದು, ಇನ್ನು ಅರ್ಧಕ್ಕೆ ಇಳಿಯುವುದೆಲ್ಲಿ.

ಮೊನ್ನೆ ಎಣ್ಣೆ ಒರೆಸಿದ ಕೈಯನ್ನು ಎಷ್ಟು ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಕೆಲಸ ಮುಗಿಸಿ ಸೀದಾ ಮನೆಗೆ ಹೋಗದೆ ಜರಗನಹಳ್ಳಿಯ ಬಸ್ಸು ಹತ್ತಿದೆ. ಪಾರ್ಕು ಗುರುತೇ ಸಿಗದಷ್ಟು ಬದಲಾಗಿದೆ. ಹೊಳೆಯುವ ಸ್ಟೀಲಿನ ಹೊಸ ಕಂಬ ಬಂದಿದೆ. ಹಗ್ಗ, ರಾಟೆ ಎಲ್ಲ ಒಳಗೇ ಇದೆಯಂತೆ, ಗುಂಡಿ ಒತ್ತಿದರೆ ಸಾಕಂತೆ. ವರ್ಷವಿಡೀ ಬಾವುಟ, ರಾತ್ರಿಗೆ ದೀಪ. ಎಣ್ಣೆ ಬಿಡಲು ಜಾಗವೇ ಇಲ್ಲ. ಬೆಂಚಿನ ಮೇಲೆ ಕೂತು ಮೇಲೆ ನೋಡುತ್ತ ನಾನೊಂದು ಹುಚ್ಚು ಹರಕೆ ಹೊತ್ತೆ. ಒಂದು ಸಲ ಸಿಕ್ಕಿಕೊಳ್ಳಲಿ ದೇವರೇ, ಒಂದೇ ಒಂದು ಸಲ ಅರ್ಧದಲ್ಲಿ ನಿಲ್ಲಲಿ. ಬೇಲಿಯಾಚೆ ಹೋಗುವ ಯಾರಾದರೂ ಒಬ್ಬರು ನಿಂತು, ಯಾರು ಹೋದ್ರು ಎಂದು ಕೇಳಲಿ. ಈ ಸಲ ನಾನು ಬೈಯುವುದಿಲ್ಲ. ಹತ್ತಿರ ಕರೆದು ಕೂರಿಸಿಕೊಂಡು ಹೇಳುತ್ತೇನೆ.

ಕತ್ತಲಾಗುವವರೆಗೂ ಕೂತಿದ್ದೆ. ಜನ ಬಂದರು, ಹೋದರು. ಯಾರೂ ತಲೆಯೆತ್ತಿ ನೋಡಲಿಲ್ಲ.